ಒಡೆಯನ ಕಡತದಲ್ಲಿ ಒಕ್ಕಲುಗಳ ಚರಿತ್ರೆ

ಐರ್ಲೆಂಡಿನ ಪಶ್ಚಿಮಕ್ಕೆ, ಶ್ಯಾನನ್ ನದಿಯನ್ನು ತನ್ನ ಮೂಡಣ ಎಲ್ಲೆಯಾಗಿ ಮಾಡಿಕೊಂಡಿರುವ ರಾಸ್‌ಕಾಮನ್ ಎಂಬ ಕೌಂಟಿಯಲ್ಲಿ, ಹುಲ್ಲುಗಾವಲು, ಜೌಗುನೆಲ ಮತ್ತು ಅಲ್ಲಲ್ಲಿ ಒಂದೊಂದು ಸಂತೆಯೂರನ್ನು ಬಿಟ್ಟರೆ ಪ್ರವಾಸಿಯ ಕಣ್ಣನ್ನು ಹಿಡಿದು ನಿಲ್ಲಿಸುವಂಥದು ಹೆಚ್ಚೇನೂ ಇಲ್ಲ. 1841ರಲ್ಲಿ ಎರಡೂವರೆ ಲಕ್ಷವನ್ನು ಮೀರಿದ್ದ ಇಲ್ಲಿಯ ಜನಸಂಖ್ಯೆ ಹತ್ತೇ ವರ್ಷಗಳಲ್ಲಿ ಒಂದೂಮುಕ್ಕಾಲು ಲಕ್ಷಕ್ಕೂ ಕೆಳಗಿಳಿಯಿತು. ಇಂದು ಅದು ಎಪ್ಪತ್ತು ಸಾವಿರದ ಆಸುಪಾಸಿನಲ್ಲಿದೆ. ಆ ನಷ್ಟದ ಲೆಕ್ಕವನ್ನು ಕಾಗದದ ಮೇಲೆಯೇ ಓದಬೇಕೆನ್ನುವವರು ಸ್ಟ್ರೋಕ್ಸ್‌ಟೌನ್ ಎಂಬ ಊರಿನ ರಾಷ್ಟ್ರೀಯ ಕ್ಷಾಮ ಸಂಗ್ರಹಾಲಯಕ್ಕೆ ಹೋಗಬೇಕು.

ಸಂಗ್ರಹಾಲಯವಿರುವುದು ಜಮೀನುದಾರನ ಬಂಗಲೆಯ ಆವರಣದಲ್ಲಿ. ಹದಿನೇಳನೆಯ ಶತಮಾನದಿಂದ ಮಾಹನ್ ವಂಶದವರ ಸ್ವತ್ತಾಗಿದ್ದ ಈ ಮಹಾಗೃಹದಲ್ಲಿ ಆಳುಕಾಳುಗಳು ಒಡೆಯರ ದೃಷ್ಟಿಗೆ ಬೀಳದಂತೆ ಓಡಾಡುವುದಕ್ಕೆ ನೆಲದಡಿಯಲ್ಲಿ ಸುರಂಗಮಾರ್ಗವಿದೆ; ಅಡುಗೆಮನೆಯ ಮೇಲ್ಭಾಗದಲ್ಲಿ ಕಟಾಂಜನವಿಟ್ಟ ಮೊಗಸಾಲೆಯೊಂದಿದ್ದು, ಮನೆಯೊಡತಿ ಸೋಮವಾರ ಬೆಳಗ್ಗೆ ಅಲ್ಲಿ ನಿಂತು ವಾರದ ಅಡುಗೆಯ ಪಟ್ಟಿಯನ್ನು ಕೆಳಗಿದ್ದ ಅಡುಗೆಯವಳಿಗೆ ಎಸೆಯುತ್ತಿದ್ದಳೆಂದು ಹೇಳುತ್ತಾರೆ. ಒಲೆಯ ಹೊಗೆ ತಾಗದ ಹಾಗೆ ಮನೆವಾರ್ತೆ ನಡೆಸುವ ಉಪಾಯ!

ಮೇಜರ್ ಡೆನಿಸ್ ಮಾಹನ್ 1845ರಲ್ಲಿ, ಬುದ್ಧಿಸ್ವಾಸ್ಥ್ಯವಿಲ್ಲದೆ ತೀರಿಹೋದ ಜ್ಞಾತಿಯೊಬ್ಬನಿಂದ ಈ ಆಸ್ತಿಯನ್ನು ಪಡೆದಾಗ ಅದು ಸಾಲದಲ್ಲಿ ಮುಳುಗಿತ್ತು. ಗೇಣಿಯ ಬಾಕಿ ಬೆಳೆದಿತ್ತು. ಅದೇ ವರ್ಷ ಆಲೂಗಡ್ಡೆಗೆ ಅಂಗಮಾರಿ ತಗುಲಿ, ಅದೊಂದನ್ನೇ ತಿಂದು ಬದುಕುತ್ತಿದ್ದ ಒಕ್ಕಲುಗಳ ಅನ್ನ ನೆಲದಲ್ಲಿಯೇ ಕೊಳೆಯಿತು. ಸಣ್ಣ ಹಿಡುವಳಿಯ ಬಡವರ ಪಾಲಿನ ಪೋಷಣತೆರಿಗೆಯನ್ನು ಜಮೀನುದಾರನೇ ತೆರಬೇಕೆಂಬ ಶಾಸನವಿದ್ದುದರಿಂದ, ಅವರನ್ನು ಸರಕಾರದ ಬಡವರ ಛತ್ರದಲ್ಲಿ ಒಂದು ವರ್ಷ ಸಾಕುವುದಕ್ಕಿಂತ ಹಡಗು ಹತ್ತಿಸಿ ಕಳುಹಿಸುವುದಕ್ಕೆ ಅರ್ಧದಷ್ಟೇ ವೆಚ್ಚವಾಗುವುದೆಂದು ಪಾರುಪತ್ಯಗಾರ ಗುಣಿಸಿ ತೋರಿಸಿದನು. 1847ರ ಮೇ ತಿಂಗಳಲ್ಲಿ 1,490 ಮಂದಿ ರಾಯಲ್ ಕಾಲುವೆಯ ದಂಡೆ ಹಿಡಿದು ಡಬ್ಲಿನ್ನಿಗೆ ನಡೆದರು. ಅಲ್ಲಿಂದ ಲಿವರ್‌ಪೂಲಿಗೆ, ಲಿವರ್‌ಪೂಲಿನಿಂದ ಕೆನಡಾಕ್ಕೆ. ಅವರಲ್ಲಿ ಕೆಲವರನ್ನು ಹೊತ್ತ ವರ್ಜಿನಿಯಸ್ ಎಂಬ ಹಡಗಿನ 476 ಪ್ರಯಾಣಿಕರಲ್ಲಿ 158 ಮಂದಿ ಸಮುದ್ರದ ಮೇಲೆಯೇ ಸತ್ತರು. ಅದೇ ವರ್ಷ ನವೆಂಬರ್ 2ರ ಸಂಜೆ, ರಾಸ್‌ಕಾಮನ್ ಪಟ್ಟಣದಿಂದ ಗಾಡಿಯಲ್ಲಿ ಮನೆಗೆ ಮರಳುತ್ತಿದ್ದ ಮಾಹನ್ ಗುಂಡಿಗೆ ಬಲಿಯಾದನು.

ಇಷ್ಟೆಲ್ಲವೂ ನಮಗೆ ವಿವರವಾಗಿ ತಿಳಿದಿರುವುದು ಒಬ್ಬ ಮೋಟಾರು ವ್ಯಾಪಾರಿಯ ವಿವೇಕದಿಂದ. 1979ರಲ್ಲಿ ಊರಿನವನೇ ಆದ ಜಿಮ್ ಕ್ಯಾಲರಿ ತನ್ನ ಲಾರಿ ವ್ಯವಹಾರಕ್ಕೆ ಜಾಗ ಬೇಕೆಂದು ಈ ಆಸ್ತಿಯನ್ನು ಕೊಂಡನು. ಬಂಗಲೆ ಅವನಿಗೆ ಬೇಕಾದ ಪದಾರ್ಥವೇ ಅಲ್ಲ. ಆದರೆ ಹಳೆಯ ಕಚೇರಿಯ ಕಾಗದಗಳನ್ನು ತಿರುವುತ್ತಿದ್ದಾಗ ಅವನ ಕೈಗೆ ಸಿಕ್ಕಿದುದು ಕ್ಲೂನಹೀ ಗ್ರಾಮದ ಒಕ್ಕಲುಗಳು 1846ರ ಆಗಸ್ಟಿನಲ್ಲಿ ಬರೆದುಕೊಂಡ ಅರ್ಜಿ: ಆಲೂಗಡ್ಡೆ ಕೊಳೆತಿದೆ, ಧಾನ್ಯವಿಲ್ಲ, ಮಕ್ಕಳ ಅಳುವನ್ನು ಇನ್ನು ಸಹಿಸಲಾರೆವು, ಕೂಲಿಯ ಕೆಲಸವನ್ನಾದರೂ ಕೊಡಿಸಿರಿ ಎಂಬ ಅದರ ಒಕ್ಕಣೆಯನ್ನು ಓದಿದಮೇಲೆ ಅವನು ಬಂಗಲೆಯನ್ನೂ ಕಾಗದಗಳನ್ನೂ ಉಳಿಸಿಕೊಂಡನು. ಗೇಣಿಯ ಲೆಕ್ಕ, ಬಾಕಿಯ ಪಟ್ಟಿ, ಪಾರುಪತ್ಯಗಾರನ ಪತ್ರಗಳು ಎಲ್ಲವೂ ಸೇರಿ ಐವತ್ತು ಸಾವಿರಕ್ಕೂ ಮಿಕ್ಕ ಆ ದಾಖಲೆಗಳು ವಸೂಲಿಗಾಗಿ ಹುಟ್ಟಿದವು. ಆದರೂ ತಮ್ಮದೆಂದು ಒಂದು ಚೀಟಿಯನ್ನೂ ಬಿಟ್ಟುಹೋಗಲಾರದ ಜನರ ಹೆಸರುಗಳು ಈ ಶತ್ರುವಿನ ಪುಸ್ತಕದಲ್ಲಿಯೇ ಬದುಕಿವೆ. ಮಾಹನ್ ದುಷ್ಟನೋ, ಸಾಲಕ್ಕೆ ಸಿಕ್ಕಿದ ಅವಿವೇಕಿಯೋ ಎಂಬ ವಾದ ಊರಿನಲ್ಲಿ ಇನ್ನೂ ಮುಗಿದಿಲ್ಲ. ಒಡೆಯನ ಸಾಲದ ಕಾಗದವನ್ನೂ ಒಕ್ಕಲಿನ ಅರ್ಜಿಯನ್ನೂ ಒಂದೇ ಸೂರಿನಡಿ ಇರಿಸಿಕೊಂಡಿರುವ ಸಂಸ್ಥೆಗೆ ಈ ವಾದವೇ ಭೂಷಣವೆಂದು ನನ್ನ ಎಣಿಕೆ.

1994ರಲ್ಲಿ ರಾಷ್ಟ್ರಾಧ್ಯಕ್ಷೆ ಮೇರಿ ರಾಬಿನ್ಸನ್ ಸಂಗ್ರಹಾಲಯವನ್ನು ಉದ್ಘಾಟಿಸಿದರು. ಡಬ್ಲಿನ್ನಿನವರೆಗಿನ 165 ಕಿಲೋಮೀಟರ್ ಹಾದಿಯೂ ಈಗ ಕ್ಷಾಮಪಥವೆಂಬ ಹೆಸರಿನಲ್ಲಿ ಕಾಲ್ನಡಿಗೆಯವರಿಗೆ ತೆರೆದಿದ್ದು, ಉದ್ದಕ್ಕೂ ಅಲ್ಲಲ್ಲಿ ಕಂಚಿನಲ್ಲಿ ಎರಕಹೊಯ್ದ ಮಕ್ಕಳ ಪಾದರಕ್ಷೆಗಳಿವೆ. ಆ 1,490 ಮಂದಿಯ ಪಟ್ಟಿಯನ್ನು ವಿದ್ವಾಂಸರು ಕಡತಗಳಿಂದ ಹೊರತೆಗೆದಿದ್ದಾರೆ. ಕ್ವಿಬೆಕ್ಕಿನ ಫ್ರೆಂಚ್ ಮನೆತನವೊಂದು ಸಾಕಿಕೊಂಡ ಅನಾಥ ಬಾಲಕನೊಬ್ಬನ ವಂಶಜರು 2013ರಲ್ಲಿ ಸ್ಟ್ರೋಕ್ಸ್‌ಟೌನಿಗೆ ಬಂದು, ಹಡಗು ಹತ್ತದೆ ಊರಲ್ಲೇ ಉಳಿದವರ ಪೀಳಿಗೆಯವರನ್ನು ಕಂಡುಹೋದರು.