ಬೀಗ ಹಾಕಿದ ಮನೆಯ ಕ್ಯಾಮೆರಾ ಏಕೆ ಕಣ್ಣು ಮುಚ್ಚುತ್ತದೆ?

ಜೂನ್ ಬಂತೆಂದರೆ ಗೋವಾದ ಕಲಂಗುಟ್ ಕಡಲತೀರದ ಶ್ಯಾಕ್‌ಗಳನ್ನು, ಅಂದರೆ ತಾತ್ಕಾಲಿಕ ಗುಡಿಸಲು ಹೋಟೆಲುಗಳನ್ನು, ಬಿಚ್ಚಿ ಕಟ್ಟಿಡುತ್ತಾರೆ. ಪ್ರವಾಸಿಗರ ಗದ್ದಲ ಇಳಿಯುತ್ತದೆ, ಒಳಗಿನ ಓಣಿಗಳಲ್ಲಿ ಒಂದೊಂದೇ ಮನೆಗೆ ಬೀಗ ಬೀಳುತ್ತದೆ. ಬಾಗಲಕೋಟೆ, ವಿಜಯಪುರ, ಗದಗ ಕಡೆಯಿಂದ ಗೋವಾಕ್ಕೆ ದುಡಿಯಲು ಬಂದ ಕನ್ನಡಿಗರು ಬಿತ್ತನೆಗೆಂದು ಊರಿಗೆ ಹೊರಡುವ ಹೊತ್ತೂ ಇದೇ. ಊರಲ್ಲಿ ಕುಳಿತು ಮೊಬೈಲಿನಲ್ಲೇ ಮನೆ ನೋಡಿಕೊಳ್ಳಬಹುದೆಂದು ಕ್ಯಾಮೆರಾ ಹಾಕಿಸಿರುತ್ತಾರೆ. ಮೊದಲ ಜೋರು ಮಳೆಗೆ ಪರದೆಯ ಮೇಲೆ ‘ಆಫ್‌ಲೈನ್’ ಎಂದು ಬರುತ್ತದೆ. ಬೈಗುಳ ಬೀಳುವುದು ಕ್ಯಾಮೆರಾಕ್ಕೆ. ಆದರೆ ಹೆಚ್ಚಿನ ಸಲ ಕೆಟ್ಟಿರುವುದು ಕ್ಯಾಮೆರಾ ಅಲ್ಲ, ಚಿತ್ರ ಸಾಗುವ ದಾರಿ.

ಆ ದಾರಿಯನ್ನು ಒಮ್ಮೆ ನಡೆದು ನೋಡೋಣ. ಕ್ಯಾಮೆರಾಕ್ಕೆ ಕರೆಂಟು ಬರಬೇಕು. ಅದು ಹಿಡಿದ ಚಿತ್ರ ವೈರಿನಲ್ಲೋ ವೈಫೈನಲ್ಲೋ ರೌಟರಿಗೆ ತಲುಪಬೇಕು. ರೆಕಾರ್ಡರಿನ ಹಾರ್ಡ್ ಡಿಸ್ಕಿನಲ್ಲಿ ಉಳಿಯಬೇಕು. ಕೊನೆಗೆ ಇಂಟರ್ನೆಟ್ ಮೂಲಕ ನಿಮ್ಮ ಕೈಗೆ ಬರಬೇಕು. ಎಲ್ಲಿ ಕಡಿದಿದೆ ಎಂದು ತಿಳಿದರೆ ಅರ್ಧ ರಿಪೇರಿ ಮುಗಿದಂತೆ.

ಕಲಂಗುಟ್‌ನ ಹಳೆಯ ಮನೆಗಳ ಗೋಡೆ ಚಿರೆಕಲ್ಲಿನದು, ನಮ್ಮ ಕರಾವಳಿಯವರು ಮುರಕಲ್ಲು ಎನ್ನುವುದು ಇದನ್ನೇ. ದಪ್ಪ ಗೋಡೆ, ಮಳೆಗಾಲದಲ್ಲಿ ನೀರು ಹೀರಿ ಒದ್ದೆ. ವೈಫೈ ಇಂಥ ಎರಡು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. ಸುತ್ತಲೂ ಗೆಸ್ಟ್‌ಹೌಸುಗಳು, ಪ್ರತಿಯೊಂದರಲ್ಲೂ ರೌಟರು. ಅಗ್ಗದ ವೈಫೈ ಕ್ಯಾಮೆರಾಗಳಲ್ಲಿ ಬಹುಪಾಲು 2.4 ಗಿಗಾಹರ್ಟ್ಸ್ ಅಲೆಯನ್ನು ಮಾತ್ರ ಹಿಡಿಯುತ್ತವೆ. ಆ ಅಲೆಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11, ಈ ಮೂರೇ. ರೌಟರನ್ನು ‘ಆಟೋ’ದಲ್ಲಿ ಬಿಡದೆ, ಮೂರರಲ್ಲಿ ಗದ್ದಲ ಕಡಿಮೆ ಇರುವ ಒಂದಕ್ಕೆ ಕೂರಿಸಿ. ಹೊಸ ಕ್ಯಾಮೆರಾ ಜೋಡಿಸುವಾಗ ಅದು ರೌಟರನ್ನು ಕಂಡುಕೊಳ್ಳದಿದ್ದರೆ, ನಿಮ್ಮ ಮೊಬೈಲು 5 ಗಿಗಾಹರ್ಟ್ಸ್‌ನಲ್ಲಿ ಇದೆಯೇ ಎಂದು ನೋಡಿ. ಎರಡೂ ಅಲೆಗೆ ಒಂದೇ ಹೆಸರಿಟ್ಟ ರೌಟರುಗಳಲ್ಲಿ ಇದು ಪದೇ ಪದೇ ಆಗುತ್ತದೆ. ಹೆಸರು ಬೇರೆ ಮಾಡಿದರೆ ಸಾಕು.

ಆದರೂ ನನ್ನನ್ನು ಕೇಳಿದರೆ, ಬೀಗ ಹಾಕಿ ಹೋಗುವ ಮನೆಗೆ ವೈಫೈ ಬೇಡ, ವೈರೇ ಎಳೆಸಿ. ‘ಪಿಒಇ’ ವ್ಯವಸ್ಥೆಯಲ್ಲಿ ಒಂದೇ ನೆಟ್‌ವರ್ಕ್ ಕೇಬಲ್ ಕರೆಂಟನ್ನೂ ಚಿತ್ರವನ್ನೂ ಒಯ್ಯುತ್ತದೆ. 2003ರಲ್ಲಿ ಬಂದ ಇದರ ಮೊದಲ ಮಾನಕದ ಪ್ರಕಾರ ನೆಟ್‌ವರ್ಕ್ ಸ್ವಿಚ್ಚಿನ ಒಂದು ಪೋರ್ಟ್ 15.4 ವ್ಯಾಟ್ ಕೊಡುತ್ತದೆ, ಸಾಮಾನ್ಯ ಕ್ಯಾಮೆರಾಕ್ಕೆ ಇದು ಧಾರಾಳ. ಕೇಬಲಿನ ಉದ್ದ 100 ಮೀಟರ್ ಮೀರಬಾರದು. ಕೇಬಲ್ ಕೊಳ್ಳುವಾಗ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ತಾಮ್ರದ ಬಣ್ಣವಿದ್ದರೆ ತಂದುಕೊಳ್ಳಿ. ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಮುರಿಯುವುದು ಬೇಗ, ಕರೆಂಟು ಒಯ್ಯುವುದು ಕಡಿಮೆ. ನಾಲ್ಕು ಕಾಸು ಉಳಿಸಲು ಹೋಗಿ ಗೋಡೆಯೊಳಗಿನ ವೈರನ್ನೇ ಮತ್ತೆ ಕೀಳಿಸಬೇಕಾದೀತು.

ಈಗ ಉಪ್ಪುಗಾಳಿ, ಮಳೆ. ಕ್ಯಾಮೆರಾದ ಡಬ್ಬದ ಮೇಲೆ ‘ಐಪಿ 66’ ಅಥವಾ ‘ಐಪಿ 67’ ಎಂದಿದ್ದರೆ ಅದು ನೀರು, ಧೂಳು ತಡೆಯುವುದಾಗಿ ಕ್ಯಾಮೆರಾದ ಮೈಗೆ ಕೊಟ್ಟ ಮಾತು, ಹಿಂದೆ ಬಾಲದಂತೆ ಜೋತುಬಿದ್ದ ವೈರಿನ ಜೋಡಣೆಗಲ್ಲ. ನೀರು ಹೊಗುವುದು ಆ ಜೋಡಣೆಯೊಳಗೇ. ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬಿಳಿ ಟೇಪು ಸುತ್ತಿದ ಜೋಡಣೆಯನ್ನು ಒಂದು ಮಳೆಗಾಲದ ನಂತರ ಬಿಚ್ಚಿದರೆ ಎಂಟು ಪಿನ್ನುಗಳ ಮೇಲೆ ಹಸಿರು ಕಿಲುಬು ಹತ್ತಿರುತ್ತದೆ. ಜೋಡಣೆ ಜಂಕ್ಷನ್ ಬಾಕ್ಸಿನೊಳಗೇ ಇರಲಿ. ಪಿನ್ನುಗಳಿಗೆ ವಿದ್ಯುತ್ ಜೋಡಣೆಗೆಂದೇ ಸಿಗುವ ಸಿಲಿಕೋನ್ ಗ್ರೀಸ್ ಸವರಿಸಿ. ವೈರು ಗೋಡೆಯ ತೂತಿಗೆ ನೇರ ಇಳಿಯಬಾರದು, ತೂತಿಗಿಂತ ಒಂದು ಗೇಣು ಕೆಳಗಿಳಿದು ಬಳಸಿ ಮೇಲೆ ಬರಬೇಕು. ಆಗ ವೈರಿನ ಮೇಲೆ ಹರಿದು ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಖರ್ಚಿಲ್ಲದ ಕೆಲಸ, ಆದರೂ ಮಾಡುವವರು ಕಡಿಮೆ. ಪಕ್ಕದಲ್ಲಿ ನಿಂತು ಮಾಡಿಸಿ.

ಹಗಲೆಲ್ಲ ಚೆನ್ನಾಗಿದ್ದು ರಾತ್ರಿ ಮಾತ್ರ ಆರಿ ಹತ್ತುವ ಕ್ಯಾಮೆರಾ ಬಹಳ ಜನರನ್ನು ಕಂಗೆಡಿಸುತ್ತದೆ. ಕಾರಣ ಸರಳ. ಕತ್ತಲಾದೊಡನೆ ಕಣ್ಣಿಗೆ ಕಾಣದ ಅವಕೆಂಪು ದೀಪಗಳು ಹೊತ್ತಿಕೊಳ್ಳುತ್ತವೆ, ಕ್ಯಾಮೆರಾ ಹೆಚ್ಚು ಕರೆಂಟು ಎಳೆಯುತ್ತದೆ. 12 ವೋಲ್ಟಿನ ಅಡಾಪ್ಟರ್ ಸೊರಗಿದ್ದರೆ, ಇಲ್ಲವೇ ವೈರು ತೆಳುವಾಗಿ ಉದ್ದವಾಗಿದ್ದರೆ, ಕೊನೆಗೆ ತಲುಪುವ ವೋಲ್ಟೇಜ್ ಕುಸಿದು ಕ್ಯಾಮೆರಾ ಆರುತ್ತದೆ. ದೀಪ ಆರಿದಾಗ ಭಾರ ಇಳಿದು ಮತ್ತೆ ಹತ್ತುತ್ತದೆ. ಹೀಗೇ ಬೆಳಗಿನವರೆಗೆ. ಮೊದಲು ಅಡಾಪ್ಟರ್ ಬದಲಿಸಿ ನೋಡಿ. ಕ್ಯಾಮೆರಾ ಬದಲಿಸುವ ಮಾತು ಆಮೇಲೆ. ರಾತ್ರಿಯ ಚಿತ್ರ ಬರೀ ಬಿಳಿ ಮಂಜಾದರೆ ಗಾಜಿನ ಮುಂದೆ ಜೇಡ ಬಲೆ ಕಟ್ಟಿರುತ್ತದೆ, ಇಲ್ಲವೇ ಹತ್ತಿರದ ಸೂರು ಬೆಳಕನ್ನು ಹಿಂದಕ್ಕೆ ತಳ್ಳುತ್ತಿರುತ್ತದೆ. ಅಂಗಳದ ತೆಂಗಿನ ಗರಿ ತೂಗಿದಾಗಲೆಲ್ಲ ಎಚ್ಚರಿಕೆ ಬರುತ್ತಿದ್ದರೆ, ಚಲನೆ ಗುರುತಿಸುವ ಜಾಗದಿಂದ ಆ ಮೂಲೆಯನ್ನು ಅಳಿಸಿ.

ಇನ್ನು ವಿಳಾಸದ ಗೊಂದಲ. ಓಣಿಯ ಮನೆಗಳಿಗೆ ನಂಬರು ಇರುವಂತೆ ನೆಟ್‌ವರ್ಕಿನ ಪ್ರತಿ ಸಾಧನಕ್ಕೂ 192.168.1.20ರಂಥ ಒಂದು ಐಪಿ ವಿಳಾಸ ಇರುತ್ತದೆ. ರೌಟರು ಅದನ್ನು ತಾನೇ ಹಂಚುತ್ತದೆ, ಕೆಲವೊಮ್ಮೆ ಬದಲಿಸುತ್ತದೆ. ಕರೆಂಟು ಹೋಗಿ ಬಂದಾಗ ಕ್ಯಾಮೆರಾಕ್ಕೆ ಬೇರೆ ನಂಬರು ಬಿದ್ದು ರೆಕಾರ್ಡರು ಹಳೆಯ ಬಾಗಿಲನ್ನೇ ತಟ್ಟುತ್ತ ಕೂರಬಹುದು. ಎರಡು ಕ್ಯಾಮೆರಾಗಳಿಗೆ ಒಂದೇ ನಂಬರು ಕೂತಿದ್ದರೆ ಎರಡೂ ಸರದಿಯಲ್ಲಿ ಕಂಡು ಮಾಯವಾಗುತ್ತವೆ. ರೌಟರಿನಲ್ಲಿ ಪ್ರತಿ ಕ್ಯಾಮೆರಾಕ್ಕೂ ಒಂದು ನಂಬರು ಕಾಯ್ದಿರಿಸಿ, ಚೀಟಿಯಲ್ಲಿ ಬರೆದು ರೆಕಾರ್ಡರಿನ ಮೇಲೆ ಅಂಟಿಸಿ. ಇಂಟರ್ನೆಟ್ ಕಂಪನಿಯವರು ರೌಟರು ಬದಲಿಸಿದ ದಿನವೇ ಎಲ್ಲ ಕ್ಯಾಮೆರಾಗಳೂ ಒಟ್ಟಿಗೆ ಕಾಣೆಯಾದರೆ, ಹೊಸ ರೌಟರು 192.168.0ರಂಥ ಬೇರೆ ಓಣಿಯನ್ನೇ ತೆರೆದಿರಬಹುದು. ಹಾಗಿದ್ದರೆ ಅದರ ಸೆಟ್ಟಿಂಗನ್ನು ಹಳೆಯ ಓಣಿಗೆ ತಿರುಗಿಸಿದರೆ ಎಲ್ಲವೂ ಮರಳುತ್ತವೆ.

ದೂರದ ಊರಿನಲ್ಲಿ ಕುಳಿತು ಪತ್ತೆ ಮಾಡುವುದು ಹೇಗೆ? ಒಂದೇ ಕ್ಯಾಮೆರಾ ಹೋಗಿದ್ದರೆ ದೋಷ ಹೆಚ್ಚಾಗಿ ಅದರ ವೈರು ಅಥವಾ ಅಡಾಪ್ಟರಿನದು. ಎಲ್ಲವೂ ಹೋಗಿದ್ದರೆ ಕರೆಂಟು, ಸ್ವಿಚ್ಚು, ರೌಟರು ಅಥವಾ ಇಂಟರ್ನೆಟ್. ಕೀಲಿಕೈ ಕೊಟ್ಟು ಬಂದ ನೆರೆಯವರಿಗೆ ಫೋನ್ ಮಾಡಿ, “ರೌಟರಿನ ದೀಪ ಯಾವ ಬಣ್ಣ ಐತಿ, ಸ್ವಲ್ಪ ನೋಡ್ರಿ” ಎಂದರೆ ಸಾಕು, ಕೆಂಪಿದ್ದರೆ ಸಾಮಾನ್ಯವಾಗಿ ಲೈನಿನದೇ ತೊಂದರೆ. ಅವರು ನಿಮ್ಮ ಮನೆಯ ವೈಫೈಗೆ ಸೇರಿದಾಗ ಚಿತ್ರ ಕಂಡು, ಮೊಬೈಲ್ ಡೇಟಾದಲ್ಲಿ ಕಾಣದಿದ್ದರೂ ಮನೆಯೊಳಗಿನ ವ್ಯವಸ್ಥೆ ಸರಿಯಿದೆ ಎಂದೇ ಅರ್ಥ. ಯುಪಿಎಸ್ ಇದ್ದರೆ ರೆಕಾರ್ಡರ್ ಒಂದಕ್ಕೇ ಅಲ್ಲ, ರೌಟರು, ಫೈಬರ್ ಡಬ್ಬ, ಸ್ವಿಚ್ಚು ಮೂರನ್ನೂ ಅದಕ್ಕೆ ಸೇರಿಸಿ. ಮಳೆಗಾಲದಲ್ಲಿ ಮರ ಬಿದ್ದು ಲೈನು ಹೋಗುವ ಊರಿದು.

ಡಿಸ್ಕಿನ ಲೆಕ್ಕವನ್ನು ಹೊರಡುವ ಮುನ್ನವೇ ಹಾಕಿ. ಸೆಕೆಂಡಿಗೆ 1 ಮೆಗಾಬಿಟ್ ಹರಿವು ದಿನಕ್ಕೆ 10.8 ಗಿಗಾಬೈಟ್ ತುಂಬುತ್ತದೆ. 2 ಮೆಗಾಬಿಟ್‌ನ ನಾಲ್ಕು ಕ್ಯಾಮೆರಾ ಎಂದರೆ ದಿನಕ್ಕೆ 86 ಗಿಗಾಬೈಟ್ ಮೀರಿತು. 1 ಟೆರಾಬೈಟ್ ಡಿಸ್ಕಿನಲ್ಲಿ 11 ದಿನ ಮಾತ್ರ ಉಳಿಯುತ್ತದೆ, ಆಮೇಲೆ ಹಳೆಯದರ ಮೇಲೆ ಹೊಸದು ಬರೆಯುತ್ತ ಹೋಗುತ್ತದೆ. ತಿಂಗಳು ಬಿಟ್ಟು ಬಂದವರಿಗೆ 20 ದಿನ ಹಿಂದಿನ ಕಳವು ಅದರಲ್ಲಿ ಸಿಗುವುದಿಲ್ಲ. ಅಂಥವರಿಗೆ 4 ಟೆರಾಬೈಟ್ ಬೇಕು.

ಪಾಸ್‌ವರ್ಡ್ ವಿಷಯದಲ್ಲಿ ನಾನು ಸ್ವಲ್ಪವೂ ಸಡಿಲ ಬಿಡಲಾರೆ. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ ಜಗತ್ತಿನ ಲಕ್ಷಾಂತರ ಕ್ಯಾಮೆರಾ, ರೆಕಾರ್ಡರ್, ರೌಟರುಗಳನ್ನು ವಶಮಾಡಿಕೊಂಡಿದ್ದು ಯಾವ ಮಹಾವಿದ್ಯೆಯಿಂದಲೂ ಅಲ್ಲ, ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ, ಅಷ್ಟೇ. ಕ್ಯಾಮೆರಾ ಹಾಕಿಕೊಟ್ಟ ಹುಡುಗನ ಎದುರೇ ಪಾಸ್‌ವರ್ಡ್ ಬದಲಿಸಿ. ಹೊರಗಿನಿಂದ ನೋಡಲೆಂದು ರೌಟರಿನಲ್ಲಿ ಪೋರ್ಟ್ ತೆರೆಸಬೇಡಿ, ಕಂಪನಿಯ ಆ್ಯಪ್ ಅಥವಾ ವಿಪಿಎನ್ ಸಾಕು. 2025ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಸಿಸಿಟಿವಿ ಕ್ಯಾಮೆರಾಗಳಿಗೆ ಸೈಬರ್ ಭದ್ರತೆಯ ಪರೀಕ್ಷೆಯನ್ನು ಕಡ್ಡಾಯ ಮಾಡಲಾಗಿದೆ. ಆ ಪರೀಕ್ಷೆ ಆಗಿದೆಯೇ ಎಂದು ಅಂಗಡಿಯಲ್ಲಿ ಕೇಳಿಯೇ ಕೊಳ್ಳಿ.

ಕಲಂಗುಟ್‌ನಲ್ಲಿ ಕೋಣೆ ಬಾಡಿಗೆಗೆ ಕೊಡುವವರು ಇನ್ನೊಂದು ಗೆರೆ ದಾಟಬಾರದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ. ಗೇಟು, ಅಂಗಳ, ವಾಹನ ನಿಲ್ಲಿಸುವ ಜಾಗಕ್ಕೆ ಕ್ಯಾಮೆರಾ ಇರಲಿ. ಅತಿಥಿಗಳ ಕೋಣೆಗೂ ನೆರೆಯವರ ಕಿಟಕಿಗೂ ಅದರ ದೃಷ್ಟಿ ಬೀಳಬಾರದು. ಮನೆಗಳನ್ನು ಬಾಡಿಗೆಗೆ ಹೊಂದಿಸಿಕೊಡುವ ಜಾಲತಾಣ ಏರ್‌ಬಿಎನ್‌ಬಿ ತನ್ನಲ್ಲಿ ನೋಂದಾಯಿಸಿದ ಮನೆಗಳ ಒಳಗೆ ಕ್ಯಾಮೆರಾ ಇಡುವುದನ್ನು 2024ರ ಏಪ್ರಿಲ್ 30ರಿಂದ ಪೂರ್ತಿ ನಿಷೇಧಿಸಿದೆ.

ಕೊನೆಗೆ ಗಡಿಯಾರ. ರೆಕಾರ್ಡರಿನ ಸಮಯ ತಪ್ಪಿದ್ದರೆ ಚಿತ್ರ ಎಷ್ಟು ಸ್ಪಷ್ಟವಿದ್ದರೂ ಠಾಣೆಯಲ್ಲಿ ಪ್ರಶ್ನೆ ಏಳುತ್ತದೆ. ಇಂಟರ್ನೆಟ್‌ನಿಂದ ತಾನೇ ಸಮಯ ಸರಿಮಾಡಿಕೊಳ್ಳುವಂತೆ ಇಡಿ. ಕಳವಾದರೆ ತುಣುಕನ್ನು ಬೇಗ ನಕಲು ಮಾಡಿಸಿ, ರೆಕಾರ್ಡರನ್ನು ಹಾಗೇ ಕಾಪಾಡಿ. ನಕಲನ್ನು ನ್ಯಾಯಾಲಯಕ್ಕೆ ಕೊಡಲು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ.

ಈ ಸಲ ಮನೆಗೆ ಬೀಗ ಹಾಕುವ ಮುನ್ನ ಹತ್ತು ನಿಮಿಷ ಕೊಡಿ. ಮೇನ್ ಸ್ವಿಚ್ ಆರಿಸಿ ಹಾಕಿ, ಎಲ್ಲ ಕ್ಯಾಮೆರಾಗಳೂ ತಾವಾಗಿಯೇ ಮರಳುತ್ತವೆಯೇ ನೋಡಿ. ಆಮೇಲೆ ರೆಕಾರ್ಡರಿನಲ್ಲಿ ಹೋದ ವಾರದ ಯಾವುದಾದರೊಂದು ರಾತ್ರಿ ಮೂರು ಗಂಟೆಯ ದೃಶ್ಯವನ್ನು ತೆಗೆಯಿರಿ. ಅದು ಸಿಗದಿದ್ದರೆ ಅಂದು ಬಸ್ಸು ಹತ್ತಬೇಡಿ, ಸರಿಮಾಡಿಸಿಕೊಂಡೇ ಹೊರಡಿ.