ಹಳೇ ಜಿಪ್ಸಿನಾ, ಹಳೇ ಥಾರಾ?

ವಯಸ್ಸು ಇಪ್ಪತ್ತೆರಡು.
ಸಕಲೇಶಪುರದ ಕಚ್ಚಾ ರಸ್ತೆ ಹತ್ತೋಕೆ ಒಂದು ಹಳೇ ಫೋರ್ ಬೈ ಫೋರ್ ಬೇಕು.
ಇನ್ಶೂರೆನ್ಸ್ ಯಾವುದಕ್ಕೆ ಕಮ್ಮಿ ಬೀಳುತ್ತೆ?

ಬ್ರಿಟನ್ನಿನಲ್ಲಾದ್ರೆ, ಹುಡುಗ್ರು ಅಂದ ತಕ್ಷಣ ಪ್ರೀಮಿಯಂ ಏರುತ್ತೆ.
ನಮ್ಮಲ್ಲಿ ಕಡ್ಡಾಯದ ಥರ್ಡ್ ಪಾರ್ಟಿಗೆ ನಿಮ್ಮ ವಯಸ್ಸು ಲೆಕ್ಕಕ್ಕಿಲ್ಲ.
ಕಾರು, ಜೀಪಿಗೆ ನೋಡೋದು ಇಂಜಿನ್ ಸಿಸಿ.
ಹಿಟ್ಟಿನ ಗಿರಣಿ ಇದ್ದ ಹಾಗೆ.
ತೂಕಕ್ಕೆ ದುಡ್ಡು, ರಾಗಿ ಹೊತ್ತು ತಂದವರು ಯಾರಾದ್ರೇನು!

ಈಗ ಲೆಕ್ಕ ನೋಡಿ, 2022ರ ದರದಲ್ಲಿ.
ಜಿಪ್ಸಿ ಕಿಂಗ್, 1.3 ಲೀಟರ್ ಪೆಟ್ರೋಲ್:
ವರ್ಷಕ್ಕೆ 3,416 ರೂಪಾಯಿ, ಜಿಎಸ್‌ಟಿ ಬೇರೆ.
ಹಳೇ ಥಾರ್, 2.5 ಲೀಟರ್ ಡೀಸೆಲ್:
1500 ಸಿಸಿ ದಾಟಿತಲ್ಲ, 7,897!
ಮೊದಮೊದಲ ಜಿಪ್ಸಿ ಇನ್ನೂ ಚಿಕ್ಕದು, 970 ಸಿಸಿ.
ಬರೀ 2,094.
ಆದ್ರೆ ಬಿಡಿಭಾಗ ಹುಡುಕೋ ತಾಳ್ಮೆ ಇರಬೇಕು, ಅದು ಪಾಲಿಸಿಯಲ್ಲಿ ಬರಲ್ಲ.

ದಪ್ಪ ಟಯರು, ಹೊಸ ಪೇಂಟು ನೋಡಿ ಮರುಳಾಗ್ಬೇಡಿ.
ಬಾನೆಟ್ ಎತ್ತಿಸಿ.
ಇಂಜಿನ್ ನಂಬರ್, ಆರ್‌ಸಿಯಲ್ಲಿರೋದು ಒಂದೇನಾ?
ಇಂಜಿನ್ ಬದಲಾಯಿಸಿ ಆರ್‌ಸಿಗೆ ಸೇರಿಸದ ಗಾಡಿಗಳು ಎಷ್ಟೋ ಇವೆ.
ಕ್ಲೇಮ್ ಟೈಮಲ್ಲಿ ಅದೇ ತಲೆನೋವು.

ಕೊಂಡ 14 ದಿನದೊಳಗೆ ಪಾಲಿಸಿಯನ್ನೂ ನಿಮ್ಮ ಹೆಸರಿಗೆ ಬದಲಾಯಿಸೋಕೆ ಅರ್ಜಿ ಕೊಡಿ.
ಹಳೇ ಓನರ್ ನೋ ಕ್ಲೇಮ್ ಬೋನಸ್ ಮಾತ್ರ ನಿಮಗೆ ಸಿಗಲ್ಲ.
ಅದು ಅವರ ಹಿಂದೆಯೇ ಹೋಗುತ್ತೆ.