ತೆಂಗಿನ ಸುಳಿಯ ಶತ್ರು ತಿಪ್ಪೆಯಲ್ಲಿದೆ

ಹೊಸದಾಗಿ ಬಿಚ್ಚಿದ ತೆಂಗಿನ ಗರಿ ಕತ್ತರಿಯಿಂದ ಕತ್ತರಿಸಿದ ಬೀಸಣಿಗೆಯಂತೆ ಕಾಣುತ್ತಿದೆಯೇ? ಹಾಗಿದ್ದರೆ ಗರಿಯು ಸುಳಿಯೊಳಗೆ ಮಡಿಸಿಕೊಂಡಿದ್ದಾಗಲೇ ರೈನೋಸರಸ್ ದುಂಬಿ ಅದನ್ನು ಕೊರೆದಿದೆ ಎಂದು ತಿಳಿಯಿರಿ. ಕರಾವಳಿಯ ರೈತರು ಇದನ್ನು ಕುರುವಾಯಿ ಎನ್ನುವರು.

ದುಂಬಿಯ ರೂಪ

ದುಂಬಿಯು ಸುಮಾರು 4 ರಿಂದ 5 ಸೆಂ.ಮೀ. ಉದ್ದವಿದ್ದು, ದಪ್ಪವಾಗಿರುತ್ತದೆ. ಮೇಲ್ಭಾಗ ಹೊಳೆಯುವ ಕಪ್ಪು. ಕೆಳಭಾಗ ಕೆಂಪು ಮಿಶ್ರಿತ ಕಂದು. ತಲೆಯ ಮೇಲೆ ಘೇಂಡಾಮೃಗಕ್ಕಿರುವಂತೆ ಹಿಂದಕ್ಕೆ ಬಾಗಿದ ಒಂದು ಕೊಂಬಿದೆ. ಗಂಡಿನ ಕೊಂಬು ಉದ್ದ, ಹೆಣ್ಣಿನದು ಗಿಡ್ಡ. ಕೊಂಬು ನೋಡಿ ಸಂಶಯ ಬಂದರೆ ದುಂಬಿಯನ್ನು ತಿರುಗಿಸಿ ಹಿಂತುದಿ ನೋಡಿ. ಅಲ್ಲಿ ಕೆಂಗಂದು ಕೂದಲು ಒತ್ತಾಗಿದ್ದರೆ ಅದು ಹೆಣ್ಣು.

ಮರಿಹುಳು ಎಲ್ಲಿ?

ದುಂಬಿ ಮರದ ಮೇಲಿದ್ದರೂ ಅದರ ಸಂತಾನ ಬೆಳೆಯುವುದು ನಿಮ್ಮ ತಿಪ್ಪೆಯಲ್ಲಿ ಮತ್ತು ಕೊಳೆತ ತೆಂಗಿನ ಕಾಂಡದಲ್ಲಿ. ಮರಿಹುಳು ದಪ್ಪಗೆ, ಕೆನೆಬಿಳಿ ಬಣ್ಣವಿದ್ದು, ಕುಡುಗೋಲಿನಂತೆ ಬಾಗಿರುತ್ತದೆ. ತಲೆ ಕಂದು; ಎದೆಯ ಬಳಿ 3 ಜೊತೆ ಕಾಲುಗಳು. ಅನೇಕರು ಇದನ್ನು "ಗೊಬ್ಬರದ ಹುಳು ತಾನೆ" ಎಂದು ಗೊಬ್ಬರದೊಡನೆ ತೋಟಕ್ಕೇ ಸಾಗಿಸುತ್ತಾರೆ. ಶತ್ರುವನ್ನು ನಾವೇ ಹೊತ್ತು ತಂದಂತಾಯಿತು!

ಹಾನಿ

ಎಳೆಯ ಸಸಿಯ ಸುಳಿ ಕೊರೆದರೆ ಸಸಿಯೇ ಸಾಯಬಹುದು. ದೊಡ್ಡ ಮರಗಳಲ್ಲಿ ಬಿಚ್ಚದ ಹೊಂಬಾಳೆಯೂ ಹಾಳಾಗಿ ಇಳುವರಿ ಕುಗ್ಗುತ್ತದೆ. ಇದಕ್ಕಿಂತ ದೊಡ್ಡ ಅಪಾಯವೆಂದರೆ, ಗಾಯದ ವಾಸನೆಗೆ ಕೆಂಪುಮೂತಿ ಹುಳು ಬಂದು ಮೊಟ್ಟೆಯಿಡುತ್ತದೆ. ಅದು ಒಳಸೇರಿದ ಮರ ಉಳಿಯುವುದು ಕಷ್ಟ.

ನೀವು ಮಾಡಬೇಕಾದದ್ದು

1. ಮರಿಹುಳು ಬೆಳೆಯಲು 3 ತಿಂಗಳಿಗೂ ಹೆಚ್ಚು ಕಾಲ ಬೇಕು. ಆದ್ದರಿಂದ 2 ತಿಂಗಳಿಗೊಮ್ಮೆ ತಿಪ್ಪೆಯನ್ನು ತಳದವರೆಗೆ ತಿರುವಿ, ಹುಳುಗಳನ್ನು ಆರಿಸಿ ಕೋಳಿಗಳಿಗೆ ಹಾಕಿ.

2. ಸತ್ತ ಮರ, ಕೊಳೆತ ಬುಡಗಳನ್ನು ತೋಟದಲ್ಲಿ ಬಿಡಬೇಡಿ.

3. ತಿಪ್ಪೆಗೆ ಮೆಟಾರೈಝಿಯಂ ಶಿಲೀಂಧ್ರ ಬೆರೆಸಿ, ತೇವ ಕಾಪಾಡಿ. ರೋಗ ತಗುಲಿ ಸತ್ತ ಹುಳುವಿನ ಮೈಮೇಲೆ ಹಸಿರು ಬೂಷ್ಟು ಬೆಳೆಯುತ್ತದೆ.

4. ಸುಳಿಯ ಬಳಿ ತೂತಿದ್ದು, ಅಗಿದ ನಾರು ಹೊರಬಂದಿದ್ದರೆ ಕಬ್ಬಿಣದ ಕೊಕ್ಕೆಯಿಂದ ದುಂಬಿಯನ್ನು ಎಳೆದು ಕೊಲ್ಲಿ. ಸುಳಿಗೆ ಪೆಟ್ಟಾಗದಂತೆ ಎಚ್ಚರವಹಿಸಿ.

5. ಬೇವಿನ ಹಿಂಡಿಯ ಪುಡಿ 250 ಗ್ರಾಂ, ಸಣ್ಣ ಮರಳು 250 ಗ್ರಾಂ ಬೆರೆಸಿ, ಸುಳಿಯ ಸುತ್ತಲಿನ 3 ಗರಿಗಳ ಕಂಕುಳಿಗೆ ತುಂಬಿ. ವರ್ಷಕ್ಕೆ 3 ಸಲ ಹೀಗೆ ಮಾಡಿ.

ಒಬ್ಬರ ತಿಪ್ಪೆಯ ದುಂಬಿ ರಾತ್ರಿ ಹಾರಿ ನೆರೆಯವರ ಮರಕ್ಕೂ ಹೋಗುತ್ತದೆ. ಆದ್ದರಿಂದ ಊರಿನವರೆಲ್ಲ ಸೇರಿ ಒಂದೇ ವಾರದಲ್ಲಿ ತಿಪ್ಪೆ ತಿರುವಿದರೆ ಶ್ರಮ ಸಾರ್ಥಕವಾದೀತು.